ಮೂರನೇ ಸಿಲಿಂಡರ್ ಯಾಕೆ ತಪ್ಪುತ್ತಿತ್ತು?

ನಾಲ್ಕು ಸಿಲಿಂಡರ್ ಪೆಟ್ರೋಲ್ ಗಾಡಿ ಮೂರರಲ್ಲೇ ಓಡತೊಡಗಿದರೆ ಗೊತ್ತಾಗದೆ ಇರುವುದಿಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಸ್ಟೀರಿಂಗ್ ನಡುಗುತ್ತದೆ. ಹೊರಟರೆ ಪಿಕಪ್ ಇರುವುದಿಲ್ಲ. ಸೈಲೆನ್ಸರ್ ಹತ್ತಿರ ಅಂಗೈ ಹಿಡಿದರೆ ಗಾಳಿ ಒಂದೇ ಸಮ ಬರದೆ ನಡುನಡುವೆ ಒಂದು ಹೊಡೆತ ತಪ್ಪುತ್ತದೆ. ನಮ್ಮ ಹಳೆಯ ಹ್ಯಾಚ್‌ಬ್ಯಾಕ್‌ಗೆ ಈ ಮಿಸ್ಸಿಂಗ್ ಶುರುವಾಗಿದ್ದು ಕಬ್ಬು ಕಟಾವಿನ ಹೊತ್ತಿಗೆ. ಮದ್ದೂರಿನಿಂದ ಮಂಡ್ಯಕ್ಕೆ ಬರುವ ದಾರಿಯಲ್ಲಿ ಮೊದಲು ಒಂದೆರಡು ಜರ್ಕ್ ಹೊಡೆಯಿತು. ಆಮೇಲೆ ಡ್ಯಾಶ್‌ಬೋರ್ಡ್‌ನಲ್ಲಿ ಹಳದಿ ಚೆಕ್ ಎಂಜಿನ್ ದೀಪ ಮಿಣುಕತೊಡಗಿತು.

ಈ ದೀಪ ಸುಮ್ಮನೆ ಉರಿಯುವುದಕ್ಕೂ ಮಿಣುಕುವುದಕ್ಕೂ ವ್ಯತ್ಯಾಸ ಇದೆ. ಸುಮ್ಮನೆ ಉರಿದರೆ ನಿಧಾನವಾಗಿ ಮನೆ ಸೇರಿ ಆಮೇಲೆ ನೋಡಬಹುದು. ಮಿಣುಕಿದರೆ ಈಗಲೇ ಮಿಸ್ಸಿಂಗ್ ಜೋರಾಗಿದೆ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗಬಹುದು ಎಂದು ಅರ್ಥ. ಕಿಡಿ ಬರದ ಸಿಲಿಂಡರ್‌ನಿಂದ ಸುಡದ ಪೆಟ್ರೋಲ್ ಹಾಗೇ ಹೊರಗೆ ಹೋಗಿ ಕನ್ವರ್ಟರ್ ಒಳಗೆ ಉರಿಯುತ್ತದೆ. ಒಳಗಿನ ಜೇನುಗೂಡಿನಂಥ ಸೆರಾಮಿಕ್ ಕರಗುವಷ್ಟು ಬಿಸಿ ಆಗುತ್ತದೆ. ಆ ಭಾಗದ ಬೆಲೆ ಕೇಳಿದವರಿಗೆ ಗೊತ್ತು. ಅದಕ್ಕೇ ರೇಸ್ ಜಾಸ್ತಿ ಕೊಡದೆ, ಎಡಬದಿ ಹಿಡಿದು ಮೆಲ್ಲಗೆ ಮನೆಗೆ ತಂದೆ.

ಮೊದಲು ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಅವರು ಬಾನೆಟ್ ಎತ್ತಿ, ರೇಸ್ ಕೊಟ್ಟು ಕೇಳಿ, "ನಾಲ್ಕೂ ಪ್ಲಗ್, ನಾಲ್ಕೂ ಕಾಯಿಲ್ ಹಾಕ್ಬಿಡೋಣ ಸಾರ್. ಆಗಲೂ ಹೋಗ್ಲಿಲ್ಲ ಅಂದ್ರೆ ಇಂಜೆಕ್ಟರ್ ನೋಡೋಣ" ಅಂದರು. ಪ್ಲಗ್ ಕಿಡಿ ಹಾರಿಸುತ್ತದೆ, ಕಾಯಿಲ್ ಅದಕ್ಕೆ ಕರೆಂಟ್ ಕೊಡುತ್ತದೆ, ಇಂಜೆಕ್ಟರ್ ಪೆಟ್ರೋಲ್ ಚಿಮ್ಮಿಸುತ್ತದೆ. ನನಗೆ ಒಪ್ಪಿಗೆಯಾಗಲಿಲ್ಲ. ಯಾವ ಭಾಗ ಕೆಟ್ಟಿದೆ ಎಂದು ತೋರಿಸಿ, ನಾನೇ ದುಡ್ಡು ಕೊಟ್ಟು ಹಾಕಿಸುತ್ತೇನೆ. ತೋರಿಸದೆ ಎಂಟು ಸಾಮಾನು ಬದಲಾಯಿಸಿದರೆ, ಸರಿಹೋದರೂ ಯಾಕೆ ಸರಿಹೋಯಿತು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಸರಿಹೋಗದಿದ್ದರೆ ಚೆನ್ನಾಗಿದ್ದ ಎಂಟು ಸಾಮಾನು ಗುಜರಿಗೆ ಹೋಗಿರುತ್ತವೆ. ಇದು ನನಗೆ ಹೊಟ್ಟೆ ಉರಿಸುವ ವಿಷಯ. ಗಾಡಿ ವಾಪಸ್ ತಂದು ಶೆಡ್‌ನಲ್ಲಿ ನಿಲ್ಲಿಸಿದೆ.

ನಮ್ಮ ಮನೆ ಮಂಡ್ಯದ ಅಂಚಿನಲ್ಲಿದೆ. ಹಿಂದುಗಡೆ ನಾಲೆ ನೀರಿನ ಗದ್ದೆ, ಕಬ್ಬು. ಮೂರು ಮನೆ ಆಚೆ ಒಬ್ಬ ಮಾವ ಇದ್ದಾರೆ. ಲಾರಿ, ಟ್ರಾಕ್ಟರ್‌ಗಳ ವೈರಿಂಗ್ ಕೆಲಸದಲ್ಲೇ ಅವರ ಆಯಸ್ಸು ಕಳೆದಿದೆ. ಈಗ ಅಂಗಡಿ ಮಗನಿಗೆ ಬಿಟ್ಟಿದ್ದಾರೆ. ಸಂಬಂಧದಲ್ಲಿ ಏನೂ ಆಗಬೇಕಿಲ್ಲ, ಬೀದಿಯವರೆಲ್ಲ ಅವರನ್ನು ಮಾವ ಅಂತಲೇ ಕರೆಯುವುದು. ವಿಷಯ ಹೇಳಿದೆ. "ಕೋಡ್ ಏನ್ ಬಂದದೆ ನೋಡ್ದಾ?" ಅಂದರು ಮೊದಲಿಗೇ.

ಸ್ಟೀರಿಂಗ್ ಕೆಳಗೆ ಹದಿನಾರು ಪಿನ್ನಿನ ಒಂದು ಪೋರ್ಟ್ ಇರುತ್ತದೆ. ಅದಕ್ಕೆ ಸಿಕ್ಕಿಸುವ ಸಣ್ಣ ಬ್ಲೂಟೂತ್ ಸ್ಕ್ಯಾನರ್ ನನ್ನ ಹತ್ತಿರ ಇತ್ತು. ಫೋನಿನಲ್ಲಿ ಬಂದ ಕೋಡ್ ಪಿ0303. ಪಿ0300 ಬಂದರೆ ಮಿಸ್ಸಿಂಗ್ ಒಂದೇ ಸಿಲಿಂಡರ್‌ಗೆ ಸೇರಿದ್ದಲ್ಲ, ಎಲ್ಲೆಂದರಲ್ಲಿ ಆಗುತ್ತಿದೆ ಎಂದು. ಕೊನೆಯಲ್ಲಿ 1ರಿಂದ 4ರವರೆಗೆ ಅಂಕಿ ಇದ್ದರೆ ಆ ನಂಬರಿನ ಸಿಲಿಂಡರ್. ನಮ್ಮದು ಮೂರನೆಯದು. ನಮ್ಮ ಗಾಡಿಯಲ್ಲಿ ಟೈಮಿಂಗ್ ಚೈನ್ ಇರುವ ಕಡೆಯಿಂದ ಒಂದು, ಎರಡು ಎಂದು ಎಣಿಸಬೇಕು. ಕೆಲವು ಕಂಪನಿಗಳು ಗೇರ್‌ಬಾಕ್ಸ್ ಕಡೆಯಿಂದ ಎಣಿಸುತ್ತವೆ. ಕೈ ಹಾಕುವ ಮೊದಲು ಇದನ್ನು ಖಾತ್ರಿ ಮಾಡಿಕೊಳ್ಳಬೇಕು.

ಗಾಡಿಯ ಕಂಪ್ಯೂಟರ್‌ಗೆ ಇದು ಹೇಗೆ ತಿಳಿಯುತ್ತದೆ ಎನ್ನುವುದು ನನಗೆ ಬಹಳ ಇಷ್ಟವಾದ ವಿಷಯ. ಸಿಲಿಂಡರ್ ಒಳಗೆ ಅದು ನೋಡುವುದಿಲ್ಲ. ಕ್ರ್ಯಾಂಕ್, ಅಂದರೆ ಪಿಸ್ಟನ್‌ಗಳು ತಿರುಗಿಸುವ ದಂಡ, ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ಒಂದು ಸೆನ್ಸರ್ ಹೇಳುತ್ತಿರುತ್ತದೆ. ಪ್ರತಿ ಸಿಲಿಂಡರ್ ಉರಿದಾಗ ಕ್ರ್ಯಾಂಕ್ ಚೂರು ಜಿಗಿಯುತ್ತದೆ. ನಿಮಿಷಕ್ಕೆ 800 ಸುತ್ತಿನ ಐಡ್ಲಿಂಗ್‌ನಲ್ಲಿ ಒಂದೊಂದು ಸಿಲಿಂಡರ್ ಎರಡು ಸುತ್ತಿಗೆ ಒಮ್ಮೆಯಂತೆ ನಿಮಿಷಕ್ಕೆ 400 ಸಲ ಉರಿಯಬೇಕು. ಉರಿಯುವ ಸರದಿ 1-3-4-2. ಮೂರನೆಯದರ ಸರದಿ ಬಂದಾಗ ಜಿಗಿತ ಬರದೆ ಕ್ರ್ಯಾಂಕ್ ನಿಧಾನವಾದರೆ, ತಪ್ಪಿದ್ದು ಯಾವುದು ಎಂದು ಲೆಕ್ಕ ಸಿಕ್ಕಿಬಿಡುತ್ತದೆ. ಹಾಗಾಗಿ ಈ ಕೋಡ್ ಯಾವ ಸಿಲಿಂಡರ್ ಎಂದು ಹೇಳುತ್ತದೆ, ಯಾಕೆ ಎಂದು ಹೇಳುವುದಿಲ್ಲ. ಕಿಡಿ ಇಲ್ಲದಿರಬಹುದು, ಪೆಟ್ರೋಲ್ ಇಲ್ಲದಿರಬಹುದು, ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ಇಲ್ಲದಿರಬಹುದು. ಈ ಮೂರರಲ್ಲಿ ಯಾವುದು ಎಂದು ಹುಡುಕುವುದೇ ಕೆಲಸ.

ಮನೆಯಲ್ಲಿ ಅಪ್ಪನ ಅನುಮಾನ ಪೆಟ್ರೋಲ್ ಮೇಲಿತ್ತು. ಮಂಡ್ಯದಲ್ಲಿ ಈ ಮಾತು ಈಗ ದಿನಾ ಕೇಳುತ್ತದೆ. ಈಗಿನ ಪೆಟ್ರೋಲ್‌ನಲ್ಲಿ ನೂರಕ್ಕೆ 20ರವರೆಗೆ ಎಥನಾಲ್, ಅಂದರೆ ಕಬ್ಬಿನಿಂದಲೂ ತೆಗೆಯುವ ಮದ್ಯಸಾರ, ಇರುತ್ತದೆ. ಎಥನಾಲ್ ನೀರನ್ನು ಹೀರುತ್ತದೆ, ನೀರು ಮಿತಿ ಮೀರಿದರೆ ಎರಡೂ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಕಬ್ಬು ಬೆಳೆಯುವ ಜಿಲ್ಲೆಯವರಾದ ನಮಗೆ ಎಥನಾಲ್ ಬೇಕು, ಅದರ ಮೇಲೆ ಅನುಮಾನವೂ ಇದೆ. ಅಪ್ಪನ ಮಾತು ಮಾವನ ಕಿವಿಗೂ ಬಿತ್ತು. "ಪೆಟ್ರೋಲ್ ಕೆಟ್ಟಿದ್ರೆ ನಾಲ್ಕೂ ಕೆಮ್ಮಬೇಕಲ್ವಾ? ಮೂರನೇದು ಒಂದೇ ಯಾಕೆ ಕೆಮ್ತದೆ?" ಅಂದರು. ಅಷ್ಟಕ್ಕೇ ಟ್ಯಾಂಕ್ ಮಾತು ಮುಗಿಯಿತು. ಫ್ಯೂಯೆಲ್ ಪಂಪ್, ಏರ್ ಫಿಲ್ಟರ್, ಥ್ರಾಟಲ್ ಬಾಡಿ ಕೂಡ ಅದೇ ಲೆಕ್ಕದಲ್ಲಿ ಹಿಂದೆ ಸರಿದವು. ನಾಲ್ಕಕ್ಕೂ ಸೇರಿದ ಭಾಗ ಕೆಟ್ಟರೆ ನಾಲ್ಕೂ ನರಳಬೇಕು.

ಶುರು ಮಾಡಿದ್ದು ಕಾಯಿಲ್‌ನಿಂದ, ಯಾಕೆಂದರೆ ಅದನ್ನು ಪರೀಕ್ಷೆ ಮಾಡಲು ಖರ್ಚಿಲ್ಲ. ಈ ಗಾಡಿಯಲ್ಲಿ ಪ್ರತಿ ಪ್ಲಗ್ ಮೇಲೆ ಒಂದೊಂದು ಕಾಯಿಲ್ ಕೂತಿದೆ. ಎಂಜಿನ್ ತಣ್ಣಗಾದ ಮೇಲೆ ಕೀ ತೆಗೆದು, ಕಪ್ಲರ್ ಲಾಕ್ ಒತ್ತಿ ಬಿಡಿಸಿ, ಹತ್ತರ ಬೋಲ್ಟ್ ಬಿಚ್ಚಿದೆ. ಹಳೆಯ ಗಾಡಿಯ ಲಾಕ್ ಬಿಸಿಲು, ಬಿಸಿಗೆ ಗರಿಗರಿಯಾಗಿರುತ್ತದೆ, ಜೋರು ಮಾಡಿದರೆ ಮುರಿಯುತ್ತದೆ. ಕಾಯಿಲನ್ನು ಆಚೀಚೆ ಚೂರು ತಿರುಗಿಸಿ ನೇರ ಮೇಲಕ್ಕೆ ಎಳೆದೆ. ಪ್ಲಗ್ ಗುಂಡಿಯೊಳಗೆ ಟಾರ್ಚ್ ಬಿಟ್ಟು ನೋಡಿದೆ. ಆಯಿಲ್ ಇರಲಿಲ್ಲ, ನೀರು ಇರಲಿಲ್ಲ. ಇದನ್ನು ನೋಡಲೇಬೇಕು. ವಾಲ್ವ್ ಕವರ್‌ನ ಸೀಲ್ ಸೋರಿ ಆಯಿಲ್ ತುಂಬಿಕೊಂಡಿದ್ದರೆ, ಅಥವಾ ವಾಟರ್ ಸರ್ವಿಸ್ ಮಾಡಿಸಿದಾಗ ನೀರು ನಿಂತಿದ್ದರೆ, ಕಿಡಿ ಪ್ಲಗ್ ತುದಿಗೆ ಹೋಗದೆ ಪಕ್ಕದಿಂದ ಎಂಜಿನ್‌ನ ಲೋಹಕ್ಕೆ ಹಾರಿಬಿಡುತ್ತದೆ. ಕಾಯಿಲ್ ರಬ್ಬರ್‌ನ ಮೇಲೆ, ಪ್ಲಗ್ಗಿನ ಬಿಳಿ ಪಿಂಗಾಣಿ ಮೇಲೆ ಕೂದಲಿನಷ್ಟು ಸಣ್ಣ ಕಪ್ಪು ಗೆರೆ ಕಂಡರೆ ಅದೇ ಗುರುತು. ನಮ್ಮದರಲ್ಲಿ ಅಂಥ ಗೆರೆ ಇರಲಿಲ್ಲ.

ಮೂರನೆಯ ಕಾಯಿಲನ್ನು ಎರಡಕ್ಕೆ, ಎರಡನೆಯದನ್ನು ಮೂರಕ್ಕೆ ಹಾಕಿದೆ. ಕೋಡ್ ಅಳಿಸಿ ನೂರಡಿ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದೆ. ಕಾಯಿಲ್ ಕೆಟ್ಟಿದ್ದರೆ ಕೋಡ್ ಅದರ ಜೊತೆ ಹೋಗಿ ಪಿ0302 ಆಗಬೇಕಿತ್ತು. ಬಂದಿದ್ದು ಮತ್ತೆ ಪಿ0303. ಕಾಯಿಲ್ ನಿರಪರಾಧಿ. ಗ್ಯಾರೇಜಿನ ಮಾತು ಕೇಳಿದ್ದರೆ ನಾಲ್ಕು ಒಳ್ಳೆಯ ಕಾಯಿಲ್ ಅಲ್ಲೇ ಹೋಗುತ್ತಿತ್ತು.

ಮುಂದಿನದು ಪ್ಲಗ್. ಬಿಚ್ಚುವ ಮೊದಲು ಸೈಕಲ್ ಪಂಪ್‌ನಿಂದ ಗುಂಡಿಯೊಳಗಿನ ದೂಳು ಊದಿ ತೆಗೆದೆ. ಇಲ್ಲದಿದ್ದರೆ ಪ್ಲಗ್ ಬಿಚ್ಚಿದ ತಕ್ಷಣ ಮಣ್ಣು ಸಿಲಿಂಡರ್ ಒಳಗೆ ಬೀಳುತ್ತದೆ. ಹದಿನಾರರ ಪ್ಲಗ್ ಸಾಕೆಟ್ ಹಾಕಿ ನಾಲ್ಕನ್ನೂ ತೆಗೆದು ಪೇಪರ್ ಮೇಲೆ ಸಾಲಾಗಿ ಇಟ್ಟೆ. ಇಲ್ಲಿ ನಾನು ತುಂಬಾ ಹೊತ್ತು ಕೂತೆ. ಒಂದು, ಎರಡು, ನಾಲ್ಕರ ತುದಿ ತಿಳಿ ಕಂದು ಬಣ್ಣಕ್ಕಿತ್ತು, ಚೆನ್ನಾಗಿ ಉರಿದ ಗುರುತು. ಮೂರನೆಯದು ಮಾತ್ರ ಬಿಳಿಚಿಕೊಂಡು, ಒಣಗಿಕೊಂಡು ಇತ್ತು. ಮೂಗಿನ ಹತ್ತಿರ ಹಿಡಿದರೂ ಪೆಟ್ರೋಲ್ ವಾಸನೆ ಇಲ್ಲ. ಕಿಡಿ ಬರದೆ ಮಿಸ್ಸಿಂಗ್ ಆಗಿದ್ದರೆ ಆ ಪ್ಲಗ್ ಪೆಟ್ರೋಲ್‌ನಲ್ಲಿ ನೆಂದಿರಬೇಕಿತ್ತು. ಒಣಗಿದೆ ಎಂದರೆ ಪೆಟ್ರೋಲೇ ಸರಿಯಾಗಿ ಬಂದಿಲ್ಲ. ಸ್ಕ್ಯಾನರ್‌ನಲ್ಲಿ ಫ್ಯೂಯೆಲ್ ಟ್ರಿಮ್, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎನ್ನುವ ಲೆಕ್ಕ ಕೂಡ ಜಾಸ್ತಿ ಕಡೆಗೆ ವಾಲಿತ್ತು. ಉರಿಯದ ಸಿಲಿಂಡರ್‌ನಿಂದ ಆಮ್ಲಜನಕ ಹಾಗೇ ಹೊರಬಂದಾಗ, ಸೈಲೆನ್ಸರ್ ಕಡೆಯ ಸೆನ್ಸರ್ 'ಪೆಟ್ರೋಲ್ ಕಡಿಮೆ ಇದೆ' ಎಂದು ತಿಳಿಸುತ್ತದೆ. ಕಂಪ್ಯೂಟರ್ ಎಲ್ಲ ಸಿಲಿಂಡರ್‌ಗೂ ಇನ್ನಷ್ಟು ಸುರಿಯುತ್ತದೆ. ಪ್ಲಗ್ ಹೇಳಿದ್ದಕ್ಕೆ ಟ್ರಿಮ್ ಅಡ್ಡ ಬರುತ್ತಿರಲಿಲ್ಲ.

ಪ್ಲಗ್‌ಗಳು ಹೊರಗಿದ್ದಾಗಲೇ ಕಂಪ್ರೆಷನ್ ನೋಡಿಬಿಡೋಣ ಎಂದು ಮಾವ ತಮ್ಮ ಹಳೆಯ ಗೇಜ್ ತಂದರು. ಫ್ಯೂಯೆಲ್ ಪಂಪ್ ರಿಲೇ ತೆಗೆದು, ಕಾಯಿಲ್ ಕಪ್ಲರ್‌ಗಳನ್ನೆಲ್ಲ ಬಿಡಿಸಿ ಇಟ್ಟೆವು. ನನ್ನ ತಮ್ಮ ಗಾಡಿಯೊಳಗೆ ಕೂತು ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆದ. ನಾಲ್ಕೂ 170 ಪಿಎಸ್‌ಐ ಆಸುಪಾಸಿನಲ್ಲಿ ನಿಂತವು. ಅಂಕಿಗಿಂತ ಮುಖ್ಯ, ನಾಲ್ಕೂ ಒಂದಕ್ಕೊಂದು ಹತ್ತಿರ ಇರಬೇಕು. ಒಂದು ತೀರ ಕೆಳಗಿದ್ದರೆ ವಾಲ್ವ್, ರಿಂಗ್, ಹೆಡ್ ಗ್ಯಾಸ್ಕೆಟ್ ಎಂದು ದೊಡ್ಡ ಕೆಲಸ ಬರುತ್ತದೆ. ಮನಸ್ಸಿಗೆ ದೊಡ್ಡ ಸಮಾಧಾನವಾಯಿತು.

ಪ್ಲಗ್ ವಾಪಸ್ ಹಾಕುವಾಗ ಮೂರನೆಯದನ್ನು ಒಂದಕ್ಕೆ ಹಾಕಿದೆ. ಬರಿಗೈಯಲ್ಲಿ, ಎಕ್ಸ್‌ಟೆನ್ಷನ್ ರಾಡ್ ಮಾತ್ರ ಹಿಡಿದು ಮರೆ (ಥ್ರೆಡ್) ಕೂರಿಸಬೇಕು. ಹೆಡ್ ಅಲ್ಯೂಮಿನಿಯಂ, ಮರೆ ಹೋದರೆ ಕಷ್ಟ. ವಾಷರ್ ಇರುವ ಹೊಸ ಪ್ಲಗ್ ಆದರೆ ಕೈಬಿಗಿ ಆದ ಮೇಲೆ ಅರ್ಧ ಸುತ್ತು ಅಥವಾ ಚೂರು ಜಾಸ್ತಿ. ಹಳೆಯ ಪ್ಲಗ್ಗನ್ನೇ ಮತ್ತೆ ಹಾಕುವಾಗ ಸುತ್ತಿನ ಹನ್ನೆರಡನೇ ಒಂದು ಭಾಗದಷ್ಟೇ ಸಾಕು, ವಾಷರ್ ಆಗಲೇ ಚಪ್ಪಟೆ ಆಗಿರುತ್ತದೆ. ಮತ್ತೆ ಓಡಿಸಿದೆ. ಮತ್ತೆ ಪಿ0303.

ಈಗ ಉಳಿದಿದ್ದು ಇಂಜೆಕ್ಟರ್ ಮತ್ತು ಅದರ ವೈರು. ಎಂಜಿನ್ ಓಡುತ್ತಿರುವಾಗ ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಇಂಜೆಕ್ಟರ್ ಮೇಲಿಟ್ಟು ಹಿಡಿಯನ್ನು ಕಿವಿಗೆ ಒತ್ತಿದರೆ ಟಕ್ ಟಕ್ ಎಂದು ಕೇಳುತ್ತದೆ. ಒಂದು, ಎರಡು, ನಾಲ್ಕರಲ್ಲಿ ಒಂದೇ ಸಮ ಕೇಳಿತು. ಮೂರರಲ್ಲಿ ಸ್ವಲ್ಪ ಹೊತ್ತು ಇದ್ದು, ತಪ್ಪಿ, ಮತ್ತೆ ಶುರುವಾಗುತ್ತಿತ್ತು. ಎಂಜಿನ್ ನಿಲ್ಲಿಸಿ, ಕಪ್ಲರ್ ಬಿಡಿಸಿ, ಮಲ್ಟಿಮೀಟರ್‌ನಲ್ಲಿ ಇಂಜೆಕ್ಟರ್‌ಗಳ ಓಮ್ಸ್ ಅಳೆದೆ. ನಾಲ್ಕೂ 13ರ ಹತ್ತಿರ. ಒಳಗಿನ ಸುರುಳಿ ಚೆನ್ನಾಗಿದೆ. ಇಂಜೆಕ್ಟರ್ ಬಿಚ್ಚಬೇಕೆಂದರೆ ಫ್ಯೂಯೆಲ್ ರೈಲಿನ ಪ್ರೆಷರ್ ಇಳಿಸಬೇಕು, ಹೊಸ ಓ-ರಿಂಗ್ ಬೇಕು. ಅದಕ್ಕೆ ಮೊದಲು ವೈರ್ ನೋಡುವುದು ಸರಿ ಅನ್ನಿಸಿತು.

ಇಂಜೆಕ್ಟರ್‌ಗೆ ಎರಡು ವೈರು. ಕೀ ಆನ್ ಮಾಡಿದಾಗ ಒಂದರಲ್ಲಿ ಬ್ಯಾಟರಿಯ 12 ವೋಲ್ಟ್ ಇರುತ್ತದೆ. ಇನ್ನೊಂದು ಕಂಪ್ಯೂಟರ್‌ಗೆ ಹೋಗುತ್ತದೆ. ಪೆಟ್ರೋಲ್ ಬಿಡಬೇಕಾದಾಗ ಕಂಪ್ಯೂಟರ್ ಅದನ್ನು ಕ್ಷಣಮಾತ್ರ ಅರ್ತ್ ಮಾಡುತ್ತದೆ. 12 ವೋಲ್ಟ್ ಸರಿಯಾಗಿತ್ತು. ಅರ್ತ್ ಬರುತ್ತಿದೆಯೋ ಇಲ್ಲವೋ ನೋಡಲು ಟೆಸ್ಟ್ ಲ್ಯಾಂಪ್ ಕೈಗೆತ್ತಿಕೊಂಡೆ. ಮಾವ ತಡೆದರು. "ಬಲ್ಬ್ ಹಾಕ್ಬ್ಯಾಡ ಮಗ. ಕರೆಂಟ್ ಜಾಸ್ತಿ ಎಳೆದ್ರೆ ಕಂಪ್ಯೂಟರ್ ಸುಟ್ಟೋಯ್ತದೆ. ಎಲ್‌ಇಡಿ ಹಾಕು." ಒಂದು ಎಲ್‌ಇಡಿಗೆ ಸಾವಿರ ಓಮ್ಸ್‌ನ ರೆಸಿಸ್ಟರ್ ಸೇರಿಸಿ ಕಪ್ಲರ್‌ಗೆ ಸಿಕ್ಕಿಸಿದೆವು. ಎರಡನೆಯ ಕಪ್ಲರ್‌ನಲ್ಲಿ ಅದು ಚಕಚಕನೆ ಒಂದೇ ಸಮ ಮಿಣುಕಿತು. ಮೂರರಲ್ಲಿ ಮಿಣುಕಿ, ಕತ್ತಲಾಗಿ, ಮತ್ತೆ ಮಿಣುಕಿತು. ಇಂಜೆಕ್ಟರ್ ಮೇಲಿನ ಅನುಮಾನವೂ ಹೋಯಿತು. ಕಪ್ಲರ್‌ಗೂ ಕಂಪ್ಯೂಟರ್‌ಗೂ ನಡುವೆ ಎಲ್ಲೋ ಒಂದು ಕಡೆ ವೈರ್ ಕೈಕೊಡುತ್ತಿದೆ.

ಇಲ್ಲಿ ಒಂದು ಮಾತು. ಇಂಥ ಜಾಗದಲ್ಲಿ ಮಲ್ಟಿಮೀಟರ್‌ನ ಬೀಪ್ ನಂಬಬಾರದು. ಒಳಗಿನ ತಾಮ್ರದ ಎಳೆಗಳಲ್ಲಿ ಒಂದೇ ಎಳೆ ತಗುಲಿಕೊಂಡಿದ್ದರೂ ಅದು ಬೀಪ್ ಹೊಡೆಯುತ್ತದೆ. ಮೀಟರ್ ಕಳಿಸುವ ಕರೆಂಟ್ ಬಹಳ ಕಡಿಮೆ. ಇಂಜೆಕ್ಟರ್‌ಗೆ ಹತ್ತಿರ ಹತ್ತಿರ ಒಂದು ಆಂಪಿಯರ್ ಬೇಕು. ವೈರ್ ಪೂರ್ತಿ ತುಂಡಾಗಿದ್ದರೆ ಕಂಪ್ಯೂಟರೇ ಪಿ0203 ಎಂಬ ಇಂಜೆಕ್ಟರ್ ಸರ್ಕ್ಯೂಟ್ ಕೋಡ್ ಕೊಡುತ್ತಿತ್ತು, ಕೆಲಸ ಬೇಗ ಮುಗಿಯುತ್ತಿತ್ತು. ನಮ್ಮದು ಬಿಟ್ಟೂ ಬಿಡದ ಹಾಗೆ ತಗುಲಿಕೊಂಡಿತ್ತು.

ಇಂಜೆಕ್ಟರ್ ಕಪ್ಲರ್ ವಾಪಸ್ ಹಾಕಿ ಎಂಜಿನ್ ಸ್ಟಾರ್ಟ್ ಮಾಡಿದೆ. ಫ್ಯಾನ್, ಬೆಲ್ಟ್ ಹತ್ತಿರ ಕೈ ಹೋಗಬಾರದೆಂದು ಒಂದು ಒಣ ಕೋಲು ಹಿಡಿದು, ವೈರಿಂಗ್ ಕಟ್ಟನ್ನು ಇಂಜೆಕ್ಟರ್ ಕಡೆಯಿಂದ ಇಷ್ಟಿಷ್ಟೇ ಒತ್ತುತ್ತಾ ಬಂದೆ. ಬ್ಯಾಟರಿ ಹಿಂದೆ, ಗೇರ್‌ಬಾಕ್ಸ್ ಮೇಲೆ ಕಟ್ಟು ಬಾಗುವ ಜಾಗಕ್ಕೆ ಬಂದಾಗ ಎಂಜಿನ್ ಶಬ್ದ ಬದಲಾಯಿತು. ಒತ್ತಿದರೆ ನಾಲ್ಕೂ ಸಿಲಿಂಡರ್ ಒಟ್ಟಿಗೆ ಹಾಡುತ್ತವೆ, ಬಿಟ್ಟರೆ ನಡುಕ. ಮತ್ತೆ ಮತ್ತೆ ಒತ್ತಿ ಬಿಟ್ಟು ನೋಡಿದೆ. ಆ ಖುಷಿಯನ್ನು ಹೇಗೆ ಹೇಳುವುದೋ ಗೊತ್ತಿಲ್ಲ. ತಮ್ಮನನ್ನು ಕೂಗಿ ಕರೆದು ತೋರಿಸಿದೆ.

ಬ್ಯಾಟರಿ, ಅದರ ಟ್ರೇ ತೆಗೆದಾಗ ಕೆಳಗೆ ಒಣ ಕಬ್ಬಿನ ಗರಿ, ಕಡಲೆಕಾಯಿ ಸಿಪ್ಪೆ, ಹರಿದ ಸ್ಪಂಜು, ಇಲಿ ಹಿಕ್ಕೆ. ಅಚ್ಚುಕಟ್ಟಾದ ಗೂಡು. ಗದ್ದೆಯಲ್ಲಿ ಕಬ್ಬು ಕಡಿದಾಗ ಇಲಿಗಳಿಗೆ ಮನೆ ಹೋಗುತ್ತದೆ, ಹತ್ತಿರದ ಮನೆ ಕೊಟ್ಟಿಗೆಗಳಿಗೆ ನುಗ್ಗುತ್ತವೆ. ರಾತ್ರಿ ಬಿಸಿ ಇರುವ ಎಂಜಿನ್ ಅವಕ್ಕೆ ಒಳ್ಳೆಯ ಜಾಗ. ಇಲಿಯ ಮುಂಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ಕಡಿದು ಸವೆಸದೆ ಅದಕ್ಕೆ ಗತಿ ಇಲ್ಲ. ವೈರ್‌ಗಳ ಮೇಲಿನ ಕಪ್ಪು ಸುಕ್ಕು ಪೈಪ್ ಕಿತ್ತುಹೋಗಿತ್ತು. ಮೂರನೇ ಇಂಜೆಕ್ಟರ್‌ನ ವೈರ್‌ನಲ್ಲಿ ಒಂದೆರಡು ಎಳೆ ಮಾತ್ರ ಉಳಿದು ತುದಿ ಹಸಿರುಗಟ್ಟಿತ್ತು. ಪಕ್ಕದ ಇನ್ನೊಂದು ವೈರ್‌ನ ಮೇಲೆ ಹಲ್ಲಿನ ಗುರುತು ಇತ್ತು, ತಾಮ್ರ ಕಾಣುತ್ತಿರಲಿಲ್ಲ.

ಇಲಿ ಉಚ್ಚೆಯಿಂದ ಇಲಿ ಜ್ವರ ಬರುತ್ತದೆ, ಗಾಯ ಇದ್ದ ಕೈಯಲ್ಲಿ ಮುಟ್ಟುವುದು ಒಳ್ಳೆಯದಲ್ಲ. ಗ್ಲೌಸ್ ಹಾಕಿ, ಗೂಡು ತೆಗೆದು, ಬ್ಲೀಚಿಂಗ್ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಟ್ರೇ ಒರೆಸಿ ಒಣಗಿಸಿದೆ.

ಕೆಟ್ಟ ತುಂಡನ್ನು ಹೊಳೆಯುವ ತಾಮ್ರ ಸಿಗುವವರೆಗೆ ಎರಡೂ ಕಡೆ ಕತ್ತರಿಸಿದೆ. ಅದೇ ದಪ್ಪದ ವೈರ್ ಪೇಟೆಬೀದಿಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಕ್ಕಿತು, ಶಾಖಕ್ಕೆ ಬಿಗಿಯುವ ಟ್ಯೂಬ್ ಕೂಡ. ಟ್ಯೂಬ್ ಮೊದಲು ವೈರ್‌ಗೆ ಪೋಣಿಸಿಕೊಂಡು ಆಮೇಲೆ ಬೆಸುಗೆ ಹಾಕಬೇಕು. ಎರಡು ಕಡೆ ಎಳೆಗಳನ್ನು ಹೆಣೆದು, ರಾಳದ ಫ್ಲಕ್ಸ್ ಇರುವ ಸೀಸದಿಂದ ಬೆಸೆದೆ. ಆಸಿಡ್ ಫ್ಲಕ್ಸ್ ಹಾಕಿದರೆ ತಾಮ್ರವನ್ನು ಒಳಗೊಳಗೇ ತಿನ್ನುತ್ತದೆ. ಬೆಸುಗೆ ಹಾಕಿದ ಜಾಗ ಗಟ್ಟಿಯಾಗುತ್ತದೆ, ಎಂಜಿನ್ ಅದುರುವಾಗ ಅದರ ಅಂಚಿನಲ್ಲೇ ಮುರಿಯುವ ಭಯ ಇದೆ. ಅದಕ್ಕೆ ಮಾವ ಹೇಳಿದಂತೆ ಬೆಸುಗೆಯ ಎರಡೂ ಬದಿ ವೈರನ್ನು ಕಟ್ಟಿಗೆ ಬಿಗಿಯಾಗಿ ಕಟ್ಟಿದೆ. ಎರಡು ಬೆಸುಗೆಗಳನ್ನು ಹಿಂದೆ ಮುಂದೆ ಬರುವಂತೆ ಹಾಕಿದ್ದರಿಂದ ಕಟ್ಟು ಒಂದೇ ಕಡೆ ದಪ್ಪ ಆಗಲಿಲ್ಲ. ಹಲ್ಲಿನ ಗುರುತು ಇದ್ದ ವೈರ್‌ಗೆ ಬಟ್ಟೆ ಟೇಪ್ ಸುತ್ತಿ, ಎಲ್ಲದರ ಮೇಲೆ ಹೊಸ ಸುಕ್ಕು ಪೈಪ್ ಹಾಕಿದೆ.

ಬ್ಯಾಟರಿ ಕೂರಿಸಿ ಸ್ಟಾರ್ಟ್ ಮಾಡಿದಾಗ ನಡುಕ ಇರಲಿಲ್ಲ. ಕೋಡ್ ಅಳಿಸಿ ಶ್ರೀರಂಗಪಟ್ಟಣದವರೆಗೆ ಹೋಗಿ ಬಂದೆ. ಎಂಜಿನ್ ಪೂರ್ತಿ ಬಿಸಿಯಾಗಬೇಕು, ಗುಂಡಿ ಬಿದ್ದ ರಸ್ತೆಯಲ್ಲೂ ಅದುರಬೇಕು, ಆಗಲೇ ಈ ಥರದ ವೈರ್ ನಿಜ ಹೇಳುವುದು. ಮಿಸ್ಸಿಂಗ್ ಲೆಕ್ಕ ನಾಲ್ಕರಲ್ಲೂ ಸೊನ್ನೆ. ಫ್ಯೂಯೆಲ್ ಟ್ರಿಮ್ ನಿಧಾನವಾಗಿ ಸೊನ್ನೆಯ ಹತ್ತಿರ ಬಂತು. ಕನ್ವರ್ಟರ್ ಬಗ್ಗೆ ಇದ್ದ ಭಯವೂ ತಗ್ಗಿತು. ಮೂರನೆಯದರಿಂದ ಹೋಗುತ್ತಿದ್ದುದು ಬಹುಪಾಲು ಬರೀ ಗಾಳಿ, ಕಿಡಿ ತಪ್ಪಿದಾಗಿನಷ್ಟು ಪೆಟ್ರೋಲ್ ಅದರೊಳಗೆ ಹೋಗಿರಲಿಲ್ಲ.

ಇಲಿಗೆ ಬಾನೆಟ್ ಒಳಗೆ ಹೊಗೆಸೊಪ್ಪು, ನುಸಿಗುಳಿಗೆ ಇಡುವವರಿದ್ದಾರೆ. ಬಿಸಿಗೆ, ಗಾಳಿಗೆ ಆ ವಾಸನೆ ಬೇಗ ಹೋಗುತ್ತದೆ, ನನಗೆ ಅದರ ಮೇಲೆ ನಂಬಿಕೆ ಇಲ್ಲ. ಪಾಷಾಣ ಇಡಲು ಮನಸ್ಸಾಗಲಿಲ್ಲ. ಸತ್ತ ಇಲಿಯನ್ನು ಬೆಕ್ಕು, ಗೂಬೆ ತಿಂದರೆ ಅವೂ ಸಾಯಬಹುದು. ಶೆಡ್‌ನ ಮೂಲೆಯಲ್ಲಿದ್ದ ಹಳೆ ಗೋಣಿಚೀಲ, ಕೋಳಿ ಆಹಾರದ ಚೀಲ ತೆಗೆದು, ಗೋಡೆಯ ಬಿಲಕ್ಕೆ ಸಿಮೆಂಟ್ ಹಾಕಿ, ಬೋನು ಇಟ್ಟೆ. ಕಟಾವು ನಡೆಯುವಷ್ಟು ದಿನ ರಾತ್ರಿ ಬಾನೆಟ್ ಎತ್ತಿಯೇ ಇಡುತ್ತೇನೆ. ಕತ್ತಲು, ಬೆಚ್ಚಗಿನ ಮರೆ ಸಿಗದಿದ್ದರೆ ಇಲಿ ಗೂಡು ಕಟ್ಟುವುದು ಕಡಿಮೆ.

ಆಮೇಲೆ ಎದುರು ಮನೆಯವರ ಗಾಡಿಗೂ ಮಿಸ್ಸಿಂಗ್ ಬಂತು. ಪಿ0304. ಅವರು ನನ್ನನ್ನು ಕರೆದಾಗ "ನಮ್ಮದೂ ಇಲಿ ಇರ್ಬೇಕು ಅಲ್ವಾ?" ಅಂದರು. ಮತ್ತೆ ಕಾಯಿಲ್‌ನಿಂದಲೇ ಶುರು ಮಾಡಿದೆ. ನಾಲ್ಕನೆಯ ಪ್ಲಗ್ ಪೆಟ್ರೋಲ್‌ನಲ್ಲಿ ನೆಂದಿತ್ತು. ಕಾಯಿಲನ್ನು ಒಂದರ ಜೊತೆ ಅದಲು ಬದಲು ಮಾಡಿದಾಗ ಕೋಡ್ ಪಿ0301 ಆಯಿತು. ಅವರು ಆ ಒಂದು ಕಾಯಿಲ್ ಮಾತ್ರ ಕೊಂಡರು, ಗಾಡಿ ಸರಿಹೋಯಿತು.